ದುರ್ಗದ ಏರಿನಲ್ಲಿ ನಿಂತ ಎಂಜಿಬಿ: ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಹಾಕಿಸಲಾ?

ತುಮಕೂರು ಎಂಜಿಬಿ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಇರುವುದು 1965ರ ಎಂಜಿಬಿ, ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಸೋದರಮಾವನ ಗಾಡಿ, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಡೆಲ್ಕೋ (ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್) ಲ್ಯೂಕಾಸ್ 25ಡಿ4, ಇನ್ನೂ ಪಾಯಿಂಟ್ ಸೆಟ್ಟೇ, ಅಂದರೆ ಕಾಯಿಲ್‌ನ ಕರೆಂಟ್ ಕಡಿದು ಕಿಡಿ ಹುಟ್ಟಿಸುವ ಪುಟ್ಟ ಸ್ವಿಚ್. ಕಳೆದ ಭಾನುವಾರ ಅಪ್ಪನನ್ನು ಕೂರಿಸಿಕೊಂಡು ದೇವರಾಯನದುರ್ಗಕ್ಕೆ ಹೊರಟೆ. ನಾಮದ ಚಿಲುಮೆವರೆಗೂ ಚೆನ್ನಾಗಿ ಓಡಿತು. ಏರು ಶುರುವಾಗಿ ಆಕ್ಸಿಲರೇಟರ್ ಒತ್ತಿದ್ದೇ ತಡ, ಮಿಸ್ ಹೊಡೆಯತೊಡಗಿತು. ಕಾಲು ತೆಗೆದರೆ ಸರಿಹೋಗುತ್ತದೆ, ಒತ್ತಿದರೆ ಮತ್ತೆ ಅದೇ ಕಥೆ. ಕೊನೆಗೆ ಒಂದು ತಿರುವಿನಲ್ಲಿ ನಿಂತೇಹೋಯಿತು. ಕ್ಯಾಪ್ ಬಿಚ್ಚಿ, ಪಾಯಿಂಟ್ ಮುಟ್ಟಿ ನೋಡಿ, ಮುಚ್ಚಿದೆ. ಸ್ಟಾರ್ಟ್ ಆಯಿತು! ಅರ್ಧ ಕಿಲೋಮೀಟರ್ ಹೋಗಿ ಮತ್ತೆ ನಿಂತಿತು. ಪಾಯಿಂಟು, ಕಂಡೆನ್ಸರ್ ಎರಡೂ ಹೊಸದು, ಹಾಕಿ ಎರಡು ತಿಂಗಳೂ ಆಗಿಲ್ಲ. 75 ವರ್ಷದ ಅಪ್ಪ ರಸ್ತೆ ಬದಿಯ ಕಲ್ಲಿನ ಮೇಲೆ ಕೂತಿದ್ದು ನೋಡಿ ಹೊಟ್ಟೆ ಉರಿಯಿತು. ಇದನ್ನು ಕಿತ್ತು ಎಲೆಕ್ಟ್ರಾನಿಕ್ ಕಿಟ್ ಹಾಕಿಸೋಣ ಅಂತಿದ್ದೇನೆ. ಹಾಕಿಸಿದವರು ಹೇಳಿ.

ಕೋಲಾರ ಸ್ಪಿಟ್‌ಫೈರ್:
ಯೋಚನೆ ಮಾಡಬೇಡಿ, ಹಾಕಿಸಿ. ನನ್ನ ಸ್ಪಿಟ್‌ಫೈರ್ ಕಾರಿಗೆ ಹಾಕಿಸಿ ಆರು ವರ್ಷ ಆಯಿತು, ತಿಂಗಳಿಗೆ ಎರಡು ಸಲ ಕೋಲಾರ–ಬೆಂಗಳೂರು ಓಡಿಸುತ್ತೇನೆ. ಆಮೇಲೆ ಡೆಲ್ಕೋ ಕ್ಯಾಪ್ ತೆಗೆದದ್ದು ಒರೆಸೋಕೆ ಮಾತ್ರ. ನಾಲ್ಕು ಸಿಲಿಂಡರ್ ಎಂಜಿನ್ 5000 ಆರ್‌ಪಿಎಂನಲ್ಲಿ ಓಡಿದರೆ ಪಾಯಿಂಟ್ ನಿಮಿಷಕ್ಕೆ 10,000 ಸಲ ತೆರೆದು ಮುಚ್ಚಬೇಕು. ಅದರ ಹಿಮ್ಮಡಿ ಅಷ್ಟೂ ಸಲ ಕ್ಯಾಮ್‌ಗೆ, ಅಂದರೆ ತಿರುಗುವ ಶಾಫ್ಟ್‌ನ ಉಬ್ಬುಗಳಿಗೆ ಉಜ್ಜುತ್ತದೆ, ಸವೆಯುತ್ತದೆ. ಸವೆದಷ್ಟೂ ಗ್ಯಾಪ್ ಕಡಿಮೆ, ಟೈಮಿಂಗ್ ಹಿಂದೆ, ಅಂದರೆ ಕಿಡಿ ತಡ. ಈಗ ಅಂಗಡಿಯಲ್ಲಿ ಸಿಗುವ ಕೆಲವು ಸೆಟ್‌ಗಳಂತೂ ಬೇಗ ಸವೆಯುತ್ತವೆ. ಕಿಟ್‌ನಲ್ಲಿ ರೋಟರ್ (ಕ್ಯಾಪ್ ಒಳಗೆ ತಿರುಗುವ ತುಂಡು) ಕೆಳಗೆ ಒಂದು ಅಯಸ್ಕಾಂತದ ಉಂಗುರ, ಪಕ್ಕದಲ್ಲಿ ಸೆನ್ಸರ್. ಒಂದಕ್ಕೊಂದು ಮುಟ್ಟುವುದೇ ಇಲ್ಲ, ಸವೆಯೋದು ಏನು? ಕ್ರೈಸ್ಲರ್ ಕಂಪನಿ 1973ರಲ್ಲೇ ಅಮೆರಿಕದ ತನ್ನ ಎಲ್ಲ ಕಾರುಗಳಿಗೂ ಎಲೆಕ್ಟ್ರಾನಿಕ್ ಕೊಟ್ಟಿತ್ತು. ನಾವು ಇನ್ನೂ ಗ್ಯಾಪ್ ಅಳೆಯುವ ಫೀಲರ್ ಗೇಜ್ ಹಿಡಿದು ಕೂತಿದ್ದೇವೆ.

ನಂದಿ ತಪ್ಪಲು, ಚಿಕ್ಕಬಳ್ಳಾಪುರ:
ನನ್ನ ಅನುಭವ ಬೇರೆ. ಕಿಟ್ ಹಾಕಿಸಿ ಎಂಟು ತಿಂಗಳಿಗೆ, ರಾತ್ರಿ ಒಂಬತ್ತರ ಹೊತ್ತಿಗೆ, ನಂದಿ ಕ್ರಾಸ್ ದಾಟಿದ ಮೇಲೆ ಗಾಡಿ ಸತ್ತಿತು. ಮಿಸ್ ಇಲ್ಲ, ಕೆಮ್ಮು ಇಲ್ಲ, ಸೀದಾ ಬಂದ್. ಪಾಯಿಂಟ್ ಆಗಿದ್ದರೆ ಎಮರಿ ಪೇಪರ್‌ನಲ್ಲಿ ಉಜ್ಜಿ, ಮಡಚಿದ ವಿಸಿಟಿಂಗ್ ಕಾರ್ಡಿನಲ್ಲಿ ಗ್ಯಾಪ್ ಇಟ್ಟು ಮನೆ ಸೇರುತ್ತಿದ್ದೆ. ಅಂಗೈಯಗಲದ ಆ ಕಪ್ಪು ಡಬ್ಬಿಗೆ ರಸ್ತೆಯಲ್ಲಿ ಏನು ಮಾಡ್ತೀರಿ? ಲಾರಿ ಹಿಂದೆ ಹಗ್ಗ ಕಟ್ಟಿಸಿಕೊಂಡು ಬಂದೆ.
ಇನ್ನೊಂದು ಮಾತು. 1965ರ ಎಂಜಿಬಿ ಅಂದರೆ ಪಾಸಿಟಿವ್ ಅರ್ತ್, ಬ್ಯಾಟರಿಯ ಪ್ಲಸ್ ಕಡೆ ಕಾರಿನ ಲೋಹದ ಮೈಗೆ. 1967ರವರೆಗೂ ಹಾಗೇ ಬಂದವು. ನೆಗೆಟಿವ್ ಅರ್ತ್ ಕಿಟ್ ಜೋಡಿಸಿದರೆ ಕೀ ತಿರುಗಿಸಿದ ಕ್ಷಣವೇ ದುಡ್ಡು ಹೊಗೆಯಾಗುತ್ತದೆ. ಮೊದಲು ಬ್ಯಾಟರಿಯ ಯಾವ ಕಡೆ ಕಾರಿನ ಮೈಗೆ ಹೋಗಿದೆ ನೋಡಿಕೊಳ್ಳಿ. ಮಧ್ಯದಲ್ಲಿ ಯಾರಾದರೂ ಬದಲಾಯಿಸಿರಲೂಬಹುದು.

ಕೋಲಾರ ಸ್ಪಿಟ್‌ಫೈರ್:
ಅರ್ತ್ ವಿಷಯ ಒಪ್ಪಿದೆ. ಆದರೆ ಅಣ್ಣ, ನಿಮ್ಮ ಕಾಯಿಲ್ ಎಷ್ಟು ಓಮ್ ಇತ್ತು?

ನಂದಿ ತಪ್ಪಲು, ಚಿಕ್ಕಬಳ್ಳಾಪುರ:
1.5. ಸ್ಪೋರ್ಟ್ಸ್ ಕಾಯಿಲ್ ಅಂತ ಹಾಕಿಸಿದ್ದೆ. ಕರೆಂಟ್ ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರ್ ಇರಲಿಲ್ಲ.

ಕೋಲಾರ ಸ್ಪಿಟ್‌ಫೈರ್:
ಅಲ್ಲೇ ಆಗಿದ್ದು ನೋಡಿ. 12 ವೋಲ್ಟ್, 3 ಓಮ್ ಅಂದರೆ 4 ಆಂಪಿಯರ್. 1.5 ಆದರೆ 8. ಸಣ್ಣ ಮಾಡ್ಯೂಲ್ ತಡೆಯೋದಿಲ್ಲ. ಎಂಜಿನ್ ಆಫ್ ಇದ್ದು ಕೀ ಆನ್ ಬಿಟ್ಟರೂ ಕೆಲವು ಬಿಸಿಯಾಗಿ ಸುಡುತ್ತವೆ. ಕಿಟ್‌ಗೆ ತಕ್ಕ ಕಾಯಿಲ್ ಹಾಕಬೇಕು.

ನಂದಿ ತಪ್ಪಲು, ಚಿಕ್ಕಬಳ್ಳಾಪುರ:
ಇರಬಹುದು. ಆ ಮಾತನ್ನು ಹಾಕಿಕೊಟ್ಟವನು ಹೇಳಬೇಕಿತ್ತು ಅಲ್ವಾ? ಪಾಯಿಂಟ್ ಇಷ್ಟೊಂದು ನಾಜೂಕು ಕೇಳುವುದಿಲ್ಲ. ಬ್ಯಾಟರಿ ಅರ್ಧಂಬರ್ಧ ಇದ್ದರೂ ತಳ್ಳಿದರೆ ಕಿಡಿ ಕೊಡುತ್ತದೆ.

ಕ್ಯಾತ್ಸಂದ್ರ ಡೆಲ್ಕೋ:
ಇಬ್ಬರೂ ಸ್ವಲ್ಪ ನಿಲ್ಲಿಸಿ. ಗಾಡಿ ಯಾಕೆ ನಿಂತಿತು ಅಂತ ಇನ್ನೂ ಯಾರೂ ಕೇಳಲಿಲ್ಲ.
ನಾನು ಮೂವತ್ತು ವರ್ಷ ಅಂಬಾಸಿಡರ್ ಟ್ಯಾಕ್ಸಿಗಳ ಡೆಲ್ಕೋ ಬಿಚ್ಚಿದವನು. ಅಂಬಾಸಿಡರ್‌ನ 1489 ಸಿಸಿ ಎಂಜಿನ್, ಎಂಜಿಬಿಯ 1798 ಸಿಸಿ ಎಂಜಿನ್ ಎರಡೂ ಬ್ರಿಟನ್ನಿನ ಬಿಎಂಸಿ ಕಂಪನಿಯ ಒಂದೇ ಬಿ ಸೀರೀಸ್ ಮನೆತನ. ಕಾಯಿಲೆಗಳೂ ಹೆಚ್ಚುಕಡಿಮೆ ಅವೇ.
ತುಮಕೂರಿನವರು ಬರೆದದ್ದನ್ನು ಇನ್ನೊಮ್ಮೆ ಓದಿ. ಸಮ ರಸ್ತೆಯಲ್ಲಿ ಸರಿ. ಏರಿನಲ್ಲಿ ಕಾಲು ಒತ್ತಿ ಬಿಟ್ಟು ಮಾಡುವಾಗ ಮಿಸ್. ಪಾಯಿಂಟ್ ಕೈಯಲ್ಲಿ ಮುಟ್ಟಿದ ಮೇಲೆ ಸ್ಟಾರ್ಟ್. ಪಾಯಿಂಟ್ ಸವೆದಿದ್ದರೆ ಮುಟ್ಟಿದ್ದಕ್ಕೆ ಸರಿಹೋಗುತ್ತಿತ್ತಾ?
ಪಾಯಿಂಟ್ ಕೂರುವ ಪ್ಲೇಟ್ ಗಟ್ಟಿಯಾಗಿ ನಿಂತದ್ದಲ್ಲ. ಸಮ ರಸ್ತೆಯಲ್ಲಿ ಹದವಾಗಿ ಹೋಗುವಾಗ ಎಂಜಿನ್ ಗಾಳಿ ಎಳೆಯುವ ಸೆಳೆತಕ್ಕೆ (ವ್ಯಾಕ್ಯೂಮ್) ಆಡುವ ಡಯಾಫ್ರಮ್ ಅದನ್ನು ಎಳೆದು ಹಿಡಿದಿರುತ್ತದೆ. ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ವ್ಯಾಕ್ಯೂಮ್ ಬಿದ್ದು ಪ್ಲೇಟ್ ವಾಪಸ್ ತಿರುಗುತ್ತದೆ. ಏರಿನಲ್ಲಿ ಇದು ಮತ್ತೆ ಮತ್ತೆ ಆಗುತ್ತದೆ. ಆ ಪ್ಲೇಟ್‌ನಿಂದ ಡೆಲ್ಕೋ ಮೈಗೆ ಒಂದು ಸಣ್ಣ ಹೆಣೆದ ಅರ್ತ್ ತಂತಿ ಇದೆ, ಬೆರಳಿನಷ್ಟೂ ಉದ್ದ ಇಲ್ಲ. ಪ್ಲೇಟ್ ಆಡಿದಾಗೆಲ್ಲ ಅದು ಬಾಗುತ್ತದೆ. ವರ್ಷಗಟ್ಟಲೆ ಬಾಗಿ ಬಾಗಿ ಒಳಗಿನ ಎಳೆಗಳು ತುಂಡಾಗುತ್ತವೆ, ಮೇಲಿನ ಬಟ್ಟೆ ಹಾಗೇ ಇರುತ್ತದೆ. ನೋಡಿದರೆ ತಂತಿ ಇದೆ, ಕರೆಂಟ್‌ಗೆ ದಾರಿ ಇಲ್ಲ. ನೀವು ಪಾಯಿಂಟ್ ಮುಟ್ಟಿದಾಗ ಅದೂ ಅಲುಗಿ ಮತ್ತೆ ಸೇರಿಕೊಂಡಿರಬೇಕು.
ಪರೀಕ್ಷೆ ಸುಲಭ. ಕ್ಯಾಪ್, ರೋಟರ್ ತೆಗೆಯಿರಿ. ಕೀ ಆಫ್ ಇರಲಿ, ಪಾಯಿಂಟ್ ಮಧ್ಯೆ ಒಂದು ತುಂಡು ಕಾಗದ ಸಿಕ್ಕಿಸಿ. ಮೀಟರ್‌ನ ಒಂದು ಮುಳ್ಳು ಪ್ಲೇಟ್ ಮೇಲೆ, ಇನ್ನೊಂದು ಡೆಲ್ಕೋ ಮೈಗೆ. ಈಗ ವ್ಯಾಕ್ಯೂಮ್ ಪೈಪ್ ತುದಿ ಬಾಯಲ್ಲಿಟ್ಟು ಎಳೆಯಿರಿ, ಬಿಡಿ. ಪ್ಲೇಟ್ ಆಡಬೇಕು, ಓಮ್ ಮಾತ್ರ ಸೊನ್ನೆಯ ಹತ್ತಿರವೇ ನಿಲ್ಲಬೇಕು. ಕುಣಿದರೆ ಕಳ್ಳ ಸಿಕ್ಕ.
ಹಲವು ಎಲೆಕ್ಟ್ರಾನಿಕ್ ಕಿಟ್‌ಗಳೂ ಅರ್ತ್ ತಗೊಳ್ಳೋದು ಇದೇ ಪ್ಲೇಟ್‌ನಿಂದ. ಇದನ್ನು ಹಾಗೇ ಬಿಟ್ಟು ಕಿಟ್ ಹಾಕಿಸಿದ್ದರೆ ಅದೇ ತಿರುವಿನಲ್ಲಿ ಮತ್ತೆ ನಿಲ್ಲುತ್ತಿದ್ದಿರಿ. ಕಿಟ್ ಬದಲಾಯಿಸುವುದು ಸ್ವಿಚ್ ಒಂದನ್ನೇ. ವೇಗ ಹೆಚ್ಚಿದಂತೆ ಕಿಡಿ ಮುಂಚೆ ಬರಿಸುವ ಕೆಳಗಿನ ಅಡ್ವಾನ್ಸ್ ತೂಕಗಳು, ಸ್ಪ್ರಿಂಗು, ಶಾಫ್ಟ್‌ನ ಬುಷ್ಷು, ಎಲ್ಲ ಹಳೆಯವೇ.

ತುಮಕೂರು ಎಂಜಿಬಿ:
ಸರ್, ನೀವು ಹೇಳಿದ್ದೇ ನಿಜ! ಪೈಪ್ ಎಳೆದಾಗ 0.3, ಬಿಟ್ಟಾಗ 40, ಒಮ್ಮೊಮ್ಮೆ ಏನೂ ಇಲ್ಲ. ಅಪ್ಪ ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರು. ಪೆಟ್ಟಿಗೆಯಿಂದ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಆ ಮಸೂರ ತಂದು ತಂತಿ ನೋಡಿದರು. ಸ್ಕ್ರೂ ಹತ್ತಿರ ಬಟ್ಟೆ ಸರಿಸಿದರೆ ತಾಮ್ರ ಹಸಿರಾಗಿ ಪುಡಿಯಾಗಿತ್ತು, ಎರಡೋ ಮೂರೋ ಎಳೆ ಮಾತ್ರ ಹಿಡಿದುಕೊಂಡಿದ್ದವು. ಅಪ್ಪ ಅದನ್ನು ಅರ್ಧ ಗಂಟೆ ಕೈಯಿಂದ ಬಿಡಲಿಲ್ಲ. ಈಗ ಯಾವ ವೈರ್ ಹಾಕಲಿ?

ಕ್ಯಾತ್ಸಂದ್ರ ಡೆಲ್ಕೋ:
ಮಾಮೂಲಿ ವೈರ್ ಹಾಕಬೇಡಿ, ಬೇಗ ಮುರಿಯುತ್ತದೆ. ತುಂಬ ಸಣ್ಣ ಎಳೆಗಳ ಮೆತ್ತನೆ ವೈರ್ ಬೇಕು. ಒಳ್ಳೆ ಮೀಟರ್‌ನ ಹಳೆಯ ಪ್ರೋಬ್ ವೈರ್ ಆಗುತ್ತದೆ. ತುದಿಗೆ ಮಾತ್ರ ಬೆಸುಗೆ, ಪ್ಲೇಟ್ ಆಡೋಕೆ ಸ್ವಲ್ಪ ಸಡಿಲ ಬಿಡಿ. ಪಾಯಿಂಟ್ ಗ್ಯಾಪ್ 15 ಥೌಗೆ ಇಡಿ (ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ). ಕ್ಯಾಮ್‌ಗೆ ಚೂರೇ ಚೂರು ಗ್ರೀಸ್, ರೋಟರ್ ಕೆಳಗೆ ಎರಡು ಹನಿ ಎಣ್ಣೆ. ಆಮೇಲೆ ಟೈಮಿಂಗ್ ನೋಡಲೇಬೇಕು.

ಕೋಲಾರ ಸ್ಪಿಟ್‌ಫೈರ್:
ತಂತಿ ಹಾಕಿ, ಆಮೇಲೆ ಕಿಟ್ಟೂ ಹಾಕಿ ಅಂತಲೇ ನನ್ನ ಮಾತು. ವಯಸ್ಸಾದವರನ್ನು ಕೂರಿಸಿಕೊಂಡು ಹೋಗುತ್ತೀರಿ. ಸವೆಯುವ ಒಂದು ಭಾಗ ಕಡಿಮೆ ಆದರೆ ಕಡಿಮೆಯೇ.

ನಂದಿ ತಪ್ಪಲು, ಚಿಕ್ಕಬಳ್ಳಾಪುರ:
ಹಾಕಿಸಿದರೂ ಪಾಯಿಂಟು, ಕಂಡೆನ್ಸರ್ ಸಮೇತ ಇನ್ನೊಂದು ಪ್ಲೇಟ್ ಸೆಟ್ ಮಾಡಿ ಡಿಕ್ಕಿಯಲ್ಲಿ ಇಟ್ಟಿರಿ. ಎರಡು ಸ್ಕ್ರೂ, ಒಂದು ವೈರ್, ಹತ್ತು ನಿಮಿಷದ ಕೆಲಸ. ಆ ರಾತ್ರಿ ನನ್ನ ಹತ್ತಿರ ಅದಿರಲಿಲ್ಲ.

ತುಮಕೂರು ಎಂಜಿಬಿ:
ತಂತಿ ಅಪ್ಪನೇ ಬೆಸೆದರು. ಇವತ್ತು ಬೆಳಿಗ್ಗೆ ಅದೇ ಏರು, ಅಪ್ಪ ಪಕ್ಕದಲ್ಲೇ. ಮೇಲಿನ ದೇವಸ್ಥಾನದವರೆಗೂ ಒಂದೇ ಉಸಿರಿಗೆ ಹತ್ತಿತು. ಸದ್ಯಕ್ಕೆ ಪಾಯಿಂಟೇ ಇರಲಿ. ಆದರೆ ಶಾಫ್ಟ್ ಪಕ್ಕಕ್ಕೆ ಒತ್ತಿದರೆ ಸ್ವಲ್ಪ ಆಟ ಇದೆ, ಗ್ಯಾಪ್ ಕ್ಯಾಮ್‌ನ ಒಂದು ಉಬ್ಬಿನಲ್ಲಿ 15, ಎದುರಿನದರಲ್ಲಿ 13 ಬರುತ್ತಿದೆ. ಸರ್, ಬುಧವಾರ ಡೆಲ್ಕೋ ಬಿಚ್ಚಿಕೊಂಡು ಕ್ಯಾತ್ಸಂದ್ರಕ್ಕೆ ಬರಲಾ?

ಕ್ಯಾತ್ಸಂದ್ರ ಡೆಲ್ಕೋ:
ಬನ್ನಿ. ಬಿಚ್ಚುವ ಮೊದಲು ರೋಟರ್ ಯಾವ ಕಡೆ ಮುಖ ಮಾಡಿದೆ ಅಂತ ಫೋಟೋ ತೆಗೆದುಕೊಳ್ಳಿ. ಅಪ್ಪನನ್ನೂ ಕರೆದುಕೊಂಡು ಬನ್ನಿ, ಮಸೂರದ ಜೊತೆ.