ಕೂದಲು ತೆಳುವಾದಷ್ಟೂ ಬೆಳಕು ಹೆಚ್ಚು ಹರಡುತ್ತದೆ, ಯಾಕೆ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಾನು ಓದಿದ್ದು ಕಾಮರ್ಸ್. ಮಗಳ ಪುಸ್ತಕದಲ್ಲಿ ಬೆಳಕಿನ ವಿವರ್ತನೆಯ (ಅಡ್ಡ ಬಂದ ವಸ್ತುವಿನ ಅಂಚಿನಲ್ಲಿ ಬೆಳಕು ಬಾಗಿ ಹರಡುವುದರ) ಪಾಠ ನೋಡಿ, ನಿನ್ನೆ ರಾತ್ರಿ ಇಬ್ಬರೂ ಕೂತು ಮಾಡಿಯೇ ನೋಡಿದೆವು. ಕೆಂಪು ಲೇಸರ್ ಪಾಯಿಂಟರನ್ನು ಎರಡು ದಪ್ಪ ಪುಸ್ತಕಗಳ ನಡುವೆ ಸಿಕ್ಕಿಸಿ, ಅದರ ಗುಂಡಿಗೆ ಬಟ್ಟೆ ಕ್ಲಿಪ್ ಹಾಕಿ, ಬೆಳಕು ಹೊರಬರುವ ಬಾಯಿಗೆ ಅಡ್ಡವಾಗಿ ನನ್ನದೊಂದು ಕೂದಲನ್ನು ಟೇಪಿನಿಂದ ಅಂಟಿಸಿದೆ. ಗೋಡೆ 2 ಮೀಟರ್ ದೂರ. ದೀಪ ಆರಿಸಿದೆವು.

ಒಂದು ಕಪ್ಪು ಗೆರೆ ಬೀಳುತ್ತದೆ ಅಂದುಕೊಂಡಿದ್ದೆ. ಬಿದ್ದದ್ದು ಕೆಂಪು ಚುಕ್ಕೆಗಳ ಸಾಲು. ಕೂದಲು ನಿಂತಿರುವುದು ಮೇಲಿಂದ ಕೆಳಕ್ಕೆ, ಚುಕ್ಕೆಗಳು ಸಾಗಿರುವುದು ಎಡಕ್ಕೂ ಬಲಕ್ಕೂ. ನೆರಳು ಇರಬೇಕಾದ ನಟ್ಟನಡುವೆ ಎಲ್ಲಕ್ಕಿಂತ ಹೆಚ್ಚು ಬೆಳಕು! ಮಗಳ ಕೂದಲು ನನ್ನದಕ್ಕಿಂತ ನಯ. ಅದನ್ನು ಅಂಟಿಸಿದರೆ ಚುಕ್ಕೆಗಳು ಇನ್ನಷ್ಟು ದೂರ ದೂರ ಸರಿದವು. ಸಣ್ಣ ವಸ್ತುವಿಗೆ ಸಣ್ಣ ನೆರಳಲ್ಲವೇ? ಸೂತ್ರ ಪುಸ್ತಕದಲ್ಲಿದೆ, ನನಗೆ ಬೇಕಿರುವುದು ಕಾರಣ.

ಉತ್ತರ 1:
ಮೊದಲು ಒಂದು ಮಾತು ಮೇಡಂ: ಲೇಸರ್ ಕಣ್ಣಿನ ಎತ್ತರದಲ್ಲಿ ಬೇಡ, ಎದುರಿಗೆ ಕನ್ನಡಿಯೂ ಇರಬಾರದು. ಚುಕ್ಕೆಗಳ ಅಂತರ ಅಳೆದಿರಾ? ತರಂಗಾಂತರವನ್ನು (ಬೆಳಕಿನ ಅಲೆಯ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗೆ ಇರುವ ದೂರವನ್ನು) ಗೋಡೆಯ ದೂರದಿಂದ ಗುಣಿಸಿ, ಅಕ್ಕಪಕ್ಕದ ಎರಡು ಕಪ್ಪು ಜಾಗಗಳ ಅಂತರದಿಂದ ಭಾಗಿಸಿದರೆ ಕೂದಲಿನ ದಪ್ಪವೇ ಸಿಗುತ್ತದೆ. ನಡುವಿನ ಪಟ್ಟಿ ಉಳಿದವುಗಳ ಎರಡರಷ್ಟು ಅಗಲ ಇರುತ್ತದೆ, ಹಾಗಾಗಿ ಅದನ್ನು ಬಿಟ್ಟು ಒಂದೇ ಬದಿಯಲ್ಲಿ ಅಳೆಯಿರಿ.

ಉತ್ತರ 2:
ಕಾರಣ ಕೇಳಿದಿರಲ್ಲ, ತುಂಬಾ ಖುಷಿಯಾಯಿತು. ಕೂದಲನ್ನು ಸ್ವಲ್ಪ ಹೊತ್ತು ಬದಿಗಿಡೋಣ, ಅಷ್ಟೇ ಅಗಲದ ಒಂದು ಸೀಳು ಇದೆ ಅಂದುಕೊಳ್ಳಿ. ಡಚ್ ವಿಜ್ಞಾನಿ ಹೈಗೆನ್ಸ್ 1690ರಲ್ಲಿ ಹೇಳಿದ ಹಾಗೆ, ಸೀಳಿನ ಒಂದೊಂದು ಬಿಂದುವೂ ಹೊಸ ಅಲೆ ಎಬ್ಬಿಸುತ್ತದೆ. ನೇರ ದಿಕ್ಕಿನಲ್ಲಿ ಎಲ್ಲ ಅಲೆಗಳೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ, ಬೆಳಕು ಜೋರು. ಓರೆಯಾಗಿ ಹೊರಟರೆ ಸೀಳಿನ ಒಂದು ಅಂಚಿನ ಅಲೆ ನಡುಬಿಂದುವಿನ ಅಲೆಗಿಂತ ಹೆಚ್ಚು ದೂರ ನಡೆಯಬೇಕು. ಆ ಹೆಚ್ಚುವರಿ ದೂರ ಅರ್ಧ ತರಂಗಾಂತರ ಆಯಿತೋ, ಒಂದರ ಉಬ್ಬಿಗೆ ಇನ್ನೊಂದರ ತಗ್ಗು ಎದುರಾಗಿ ಎರಡೂ ಅಳಿಯುತ್ತವೆ. ಹೀಗೆ ಸೀಳಿನ ಒಂದು ಅರ್ಧದ ಪ್ರತಿ ಬಿಂದುವಿಗೂ ಇನ್ನೊಂದು ಅರ್ಧದಲ್ಲಿ ಜೋಡಿ ಸಿಕ್ಕಿ ಅಲ್ಲಿ ಕತ್ತಲು.

ಈಗ ಸೀಳು ಕಿರಿದಾಗಲಿ. ಅಂಚಿಗೂ ನಡುವಿಗೂ ಇರುವ ಅಂತರವೇ ಕಡಿಮೆ. ಅದೇ ಅರ್ಧ ತರಂಗಾಂತರದ ವ್ಯತ್ಯಾಸ ಹುಟ್ಟಬೇಕಾದರೆ ಇನ್ನೂ ಹೆಚ್ಚು ಓರೆಯಾಗಲೇಬೇಕು. ಅದಕ್ಕೇ ಹರಡು ಹೆಚ್ಚುತ್ತದೆ.

ಇನ್ನು ಕೂದಲು. ಏನೂ ಅಡ್ಡ ಇಲ್ಲದಿದ್ದರೆ ಪಕ್ಕಕ್ಕೆ ಬೆಳಕು ಹೋಗುವುದೇ ಇಲ್ಲ, ಅಲ್ಲಿ ಸೊನ್ನೆ. ಆ ಸೊನ್ನೆಯನ್ನು ಎರಡು ಪಾಲು ಮಾಡಿ: ಕೂದಲಿನ ಜಾಗದಿಂದ ಬರಬೇಕಿದ್ದ ಅಲೆ, ಉಳಿದ ಜಾಗದಿಂದ ಬಂದ ಅಲೆ. ಕೂಡಿದರೆ ಸೊನ್ನೆ ಅಂದಮೇಲೆ ಎರಡೂ ಸಮಬಲ, ಏರಿಳಿತ ಮಾತ್ರ ತಿರುಗುಮುರುಗು. ಹಾಗಾಗಿ ಕೂದಲೂ ಅಷ್ಟೇ ಅಗಲದ ಸೀಳೂ ಪಕ್ಕದಲ್ಲಿ ಒಂದೇ ಚಿತ್ರ ಬಿಡಿಸುತ್ತವೆ. ಬಾಬಿನೆ ತತ್ವ ಅನ್ನುವುದು ಇದಕ್ಕೇ. ನನಗಂತೂ ಇಡೀ ಪಾಠದಲ್ಲಿ ಇದಕ್ಕಿಂತ ಚೆಂದದ ವಾದ ಕಂಡಿಲ್ಲ.

ನಟ್ಟನಡುವಿನ ಹೊಳಪಿನ ಬಹುಪಾಲು ಕೂದಲಿಗೆ ತಾಗದೆ ಹಾದುಹೋದ ಕಿರಣದ್ದು, ಕೂದಲಿಗಿಂತ ಅದು ಎಷ್ಟೋ ಅಗಲ. ಆದರೆ ನಿಜವಾದ ನೆರಳಿನ ನಡುವೆಯೂ ಬೆಳಕು ಬೀಳುತ್ತದೆ. 1818ರಲ್ಲಿ ಫ್ರಾನ್ಸಿನ ವಿಜ್ಞಾನಿ ಫ್ರೆನೆಲ್ ತನ್ನ ಅಲೆಯ ಲೆಕ್ಕವನ್ನು ಫ್ರೆಂಚ್ ಅಕಾಡೆಮಿಯ ಸ್ಪರ್ಧೆಗೆ ಕಳಿಸಿದಾಗ, ಬೆಳಕು ಕಣಗಳೆಂದೇ ನಂಬಿದ್ದ ಪಾಯ್ಸನ್ ಅದನ್ನು ಮುಂದುವರಿಸಿ, ಹಾಗಾದರೆ ದುಂಡು ಬಿಲ್ಲೆಯ ನೆರಳಿನ ಕೇಂದ್ರದಲ್ಲಿ ಬೆಳಕಿನ ಚುಕ್ಕೆ ಇರಬೇಕಲ್ಲ ಎಂದು ಆಕ್ಷೇಪ ಎತ್ತಿದ. ತೀರ್ಪುಗಾರರಲ್ಲೊಬ್ಬನಾದ ಅರಾಗೊ 2 ಮಿ.ಮೀ. ಬಿಲ್ಲೆ ಇಟ್ಟು ನೋಡಿದ. ಚುಕ್ಕೆ ಇತ್ತು. ಬಹುಮಾನ ಫ್ರೆನೆಲ್‌ಗೆ ಸಿಕ್ಕಿತು.

ಉತ್ತರ 3:
ಸರ್, ಹಾಗಾದರೆ ಫೋಟಾನ್ (ಬೆಳಕಿನ ಕಣ) ಕಥೆ ಏನು? ಒಂದೊಂದೇ ಫೋಟಾನ್ ಹೋದರೆ ಅದು ಯಾವುದರ ಜೊತೆ ಕೂಡಿ ಅಳಿಯಬೇಕು?

ಉತ್ತರ 2 ಬರೆದವರು:
ಇದನ್ನು 1909ರಲ್ಲೇ ಬ್ರಿಟಿಷ್ ಭೌತವಿಜ್ಞಾನಿ ಜಿ. ಐ. ಟೇಲರ್ ಪರೀಕ್ಷಿಸಿದ. ಸೂಜಿಯೊಂದರ ನೆರಳನ್ನು ತೀರಾ ಮಂದ ಬೆಳಕಿನಲ್ಲಿ ಫೋಟೋ ತಟ್ಟೆಯ ಮೇಲೆ ಬೀಳಿಸಿದ. ಅತಿ ಮಂದ ಬೆಳಕಿಗೆ ಸುಮಾರು 2000 ಗಂಟೆ, ಹತ್ತಿರ ಹತ್ತಿರ ಮೂರು ತಿಂಗಳು ಬೇಕಾಯಿತು. ಬೆಳಕು-ಕತ್ತಲಿನ ಗೆರೆಗಳು ಜೋರು ಬೆಳಕಿನಲ್ಲಿ ಬಂದಷ್ಟೇ ಸ್ಪಷ್ಟವಾಗಿದ್ದವು. ಫೋಟಾನ್ ಒಂದು ಕಡೆ ಬಂದು ಬೀಳುತ್ತದೆ ನಿಜ, ಆದರೆ ಎಲ್ಲಿ ಬೀಳುವ ಸಾಧ್ಯತೆ ಎಷ್ಟು ಅನ್ನುವುದನ್ನು ಅಲೆಯ ಲೆಕ್ಕವೇ ಹೇಳುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ತುಂಬಾ ಧನ್ಯವಾದ. ಆ ಸೊನ್ನೆಯ ವಾದವನ್ನು ಮೂರು ಸಲ ಓದಿದೆ, ಈಗ ಮನಸ್ಸಿಗೆ ಹತ್ತಿತು. ಗೋಡೆಗೆ ಬಿಳಿ ಹಾಳೆ ಅಂಟಿಸಿ ಕಪ್ಪು ಜಾಗಗಳಿಗೆ ಪೆನ್ಸಿಲ್ ಗುರುತು ಹಾಕಿ ಅಳೆದೆವು. ಪಾಯಿಂಟರ್ ಮೇಲೆ 650 ನ್ಯಾನೋಮೀಟರ್ ಅಂತಿದೆ. ನನ್ನ ಕೂದಲಿಗೆ ಅಂತರ 19 ಮಿ.ಮೀ., ಅಂದರೆ ದಪ್ಪ ಸುಮಾರು 68 ಮೈಕ್ರೋಮೀಟರ್. ಮಗಳದ್ದಕ್ಕೆ 26 ಮಿ.ಮೀ., ದಪ್ಪ 50. ನಾಳೆ 532 ನ್ಯಾನೋಮೀಟರಿನ ಹಸಿರು ಪಾಯಿಂಟರ್ ಸಿಗುತ್ತದೆ. ನನ್ನ ಕೂದಲಿಗೆ ಸುಮಾರು 15.5 ಮಿ.ಮೀ. ಬರಬೇಕು ಅಂತ ಮಗಳು ಲೆಕ್ಕ ಹಾಕಿ, ಅದೇ ಹಾಳೆಯ ಮೇಲೆ ಈಗಲೇ ಗುರುತು ಹಾಕಿಟ್ಟಿದ್ದಾಳೆ.