3 ತಿಂಗಳ ಬಾಲ್ ಪೈಥಾನ್ ತಂದು 17 ದಿನ ಆಯಿತು, ಇನ್ನೂ ಒಂದು ಇಲಿ ಮುಟ್ಟಿಲ್ಲ

ತೆಂಗಿನಗರಿ:
ನಮಸ್ಕಾರ. ಇರೋದು ಒಹಾಯೊದ ಕೊಲಂಬಸ್‌ನಲ್ಲಿ, ಊರು ತಿಪಟೂರು. ಮಗಳ ಹಟಕ್ಕೆ ಸೋತು ಒಂದು ಬಾಲ್ ಪೈಥಾನ್ (ವಿಷವಿಲ್ಲದ ಸಣ್ಣ ಜಾತಿಯ ಹೆಬ್ಬಾವು) ಮರಿ ತಂದಿದ್ದೇವೆ. ತೂಕ 92 ಗ್ರಾಂ. ತಂದ ಎರಡನೇ ದಿನವೇ ಫ್ರೋಜನ್ ಸುಂಡಿಲಿ ಕರಗಿಸಿ ಇಟ್ಟೆ, ತಿನ್ನಲಿಲ್ಲ. ಆಮೇಲೆ ದಿನ ಬಿಟ್ಟು ದಿನ ಇಡುತ್ತಿದ್ದೇನೆ. ಹತ್ತಿರ ಬರುತ್ತದೆ, ನಾಲಿಗೆ ಆಡಿಸುತ್ತದೆ, ಆಮೇಲೆ ತಲೆ ಒಳಗೆಳೆದುಕೊಂಡು ಚೆಂಡಾಗಿ ಕೂರುತ್ತದೆ. ಅಮ್ಮ ಫೋನಿನಲ್ಲಿ "ಒಂದು ಬಟ್ಟಲು ಹಾಲು ಇಟ್ಟು ನೋಡೋ" ಅಂದರು. ಸತ್ತೇ ಹೋಗುತ್ತೇನೋ ಅಂತ ಭಯ. ಬಲವಂತವಾಗಿ ತಿನ್ನಿಸಬೇಕಾ?

ಬಿಸಿಬಂಡೆ:
ಬಲವಂತ ಬೇಡವೇ ಬೇಡ. ಹಾಲೂ ಬೇಡ, ಹಾವಿಗೆ ಅದು ಜೀರ್ಣವಾಗುವುದಿಲ್ಲ. ನಾಗರಪಂಚಮಿಗೆ ಬುಟ್ಟಿಯಲ್ಲಿ ತರುತ್ತಿದ್ದ ಹಾವುಗಳು ಹಾಲು ಕುಡಿಯುತ್ತಿದ್ದದ್ದು ದಿನಗಟ್ಟಲೆ ನೀರಿಲ್ಲದೆ ಬಾಯಾರಿದ್ದಕ್ಕೆ. ಅಮ್ಮನಿಗೆ ಹೇಗೆ ಹೇಳುತ್ತೀರೋ ನೋಡಿ.

ಮೊದಲು ಇಷ್ಟು ಹೇಳಿ. ಮಾರಿದವರು ಏನು ತಿನ್ನಿಸುತ್ತಿದ್ದರು? ಟ್ಯಾಂಕಿನ ನೆಲದ ಬಿಸಿ ಎಷ್ಟು? ತೇವಾಂಶ ಎಷ್ಟು? ದಿನಕ್ಕೆ ಎಷ್ಟು ಸಲ ಎತ್ತಿಕೊಳ್ಳುತ್ತೀರಿ? ಕೊನೆಯದಕ್ಕೆ ನಿಜ ಹೇಳಿ.

ತೆಂಗಿನಗರಿ:
ಅವರು ಜೀವಂತ ಸುಂಡಿಲಿ ಮರಿ ಕೊಡುತ್ತಿದ್ದರಂತೆ. ಗಾಜಿನ ಮೇಲೆ ಅಂಟಿಸಿದ ಗುಂಡು ಮೀಟರ್ 84 ಫ್ಯಾರನ್‌ಹೀಟ್ ತೋರಿಸುತ್ತದೆ. ಕೆಳಗೆ ಹೀಟ್ ಮ್ಯಾಟ್ ಇದೆ, ಬಿಸಿ ಮಿತಿ ದಾಟದ ಹಾಗೆ ತಡೆಯುವ ಥರ್ಮೋಸ್ಟ್ಯಾಟ್ ಇಲ್ಲ. ತೇವಾಂಶ 30ರ ಹತ್ತಿರ, ಚಳಿಗಾಲ ಅಲ್ವಾ, ಮನೆಯ ಹೀಟರ್ ಇಡೀ ದಿನ ಓಡುತ್ತದೆ. ಟ್ಯಾಂಕಿನೊಳಗೆ ಅದು ಅಡಗಿ ಕೂರುವ ಗೂಡು ಒಂದೇ. ಎತ್ತಿಕೊಳ್ಳುವುದು... ಮಗಳ ಸ್ನೇಹಿತರು ದಿನಾ ಬರುತ್ತಾರೆ. ನಾನೂ ಇದೆಯೋ ಇಲ್ಲವೋ ಅಂತ ಆಗಾಗ ಗೂಡು ಎತ್ತಿ ನೋಡುತ್ತೇನೆ.

ಬಿಸಿಬಂಡೆ:
ಸಿಕ್ಕಿತು ಬಿಡಿ. ಮದುವೆ ಮನೆಗೆ ಬಂದ ಹೊಸ ಸೊಸೆಯನ್ನು ಊರವರೆಲ್ಲ ಬಂದು ಸೆರಗು ಸರಿಸಿ ನೋಡುತ್ತಿದ್ದರೆ ಅವಳು ಊಟ ಮಾಡುತ್ತಾಳಾ?

ಆ ಗುಂಡು ಮೀಟರ್ ಕಿತ್ತು ಬಿಸಾಕಿ. ಅದು ಗೋಡೆಯ ಹತ್ತಿರದ ಗಾಳಿ ಅಳೆಯುತ್ತದೆ, ಹಾವು ಮಲಗುವುದು ನೆಲದ ಮೇಲೆ. ತಂತಿ ಇರುವ ಡಿಜಿಟಲ್ ಥರ್ಮಾಮೀಟರ್ ತಂದು ಮ್ಯಾಟ್‌ನ ಮೇಲ್ಭಾಗದ ನೆಲಕ್ಕೆ ಇಟ್ಟು ನೋಡಿ. ಬೇಕಿರುವುದು ಬಿಸಿ ಕಡೆ 88ರಿಂದ 91, ಅಂದರೆ 31ರಿಂದ 33 ಡಿಗ್ರಿ ಸೆಲ್ಸಿಯಸ್. ತಂಪು ಕಡೆ 77ರಿಂದ 80. ಥರ್ಮೋಸ್ಟ್ಯಾಟ್ ಇಲ್ಲದ ಮ್ಯಾಟ್ ಹೊಟ್ಟೆ ಸುಡುತ್ತದೆ. ಇವತ್ತೇ ತನ್ನಿ, ಮಿಕ್ಕಿದ್ದೆಲ್ಲ ಆಮೇಲೆ.

ಗೂಡು ಎರಡು ಬೇಕು, ಬಿಸಿ ಕಡೆ ಒಂದು, ತಂಪು ಕಡೆ ಒಂದು. ಇಕ್ಕಟ್ಟಾಗಿರಲಿ, ಮೈ ಮೂರೂ ಕಡೆ ತಾಗಬೇಕು. ಟ್ಯಾಂಕಿನ ಮೂರು ಬದಿಗೆ ಕಪ್ಪು ಕಾಗದ ಅಂಟಿಸಿ. ತೇವಾಂಶ 60ರಿಂದ 70 ಬರಬೇಕು. ಅದಕ್ಕೆ ತೆಂಗಿನ ನಾರಿನ ಪುಡಿ ಹಾಕಿ, ಮೂಲೆಗಳಿಗೆ ನೀರು ಸುರಿಯಿರಿ. ತಿಪಟೂರಿನವರು ದುಡ್ಡು ಕೊಟ್ಟು ನಾರಿನ ಇಟ್ಟಿಗೆ ತರಬೇಕಲ್ಲ ಅಂತ ಹೊಟ್ಟೆ ಉರಿಯುತ್ತದೆ, ಗೊತ್ತು.

ಆಮೇಲೆ ಪೂರ್ತಿ 7 ದಿನ ಕೈ ಹಾಕಬೇಡಿ. ನೀರು ಬದಲಿಸಿ, ಅಷ್ಟೇ. ಇಲಿಯನ್ನೂ ಇಡಬೇಡಿ. ದಿನ ಬಿಟ್ಟು ದಿನ ಇಟ್ಟಿದ್ದು ನಿಮ್ಮ ದೊಡ್ಡ ತಪ್ಪು, ಪ್ರತಿ ಸಲವೂ ಅದಕ್ಕೆ ಹೆದರಿಕೆಯೇ ಆಗಿದೆ.

ತೆಂಗಿನಗರಿ:
ಅಳೆದೆ. ನೆಲ 104 ಫ್ಯಾರನ್‌ಹೀಟ್! 40 ಡಿಗ್ರಿ! ಪಾಪ, ಅದಕ್ಕೇ ಯಾವಾಗಲೂ ನೀರಿನ ಬಟ್ಟಲಿನ ಪಕ್ಕ ಮಲಗುತ್ತಿತ್ತು. ಥರ್ಮೋಸ್ಟ್ಯಾಟ್ ಹಾಕಿದ್ದೇನೆ. ವಾರ ಕಳೆದ ಮೇಲೆ ಇಲಿ ಹೇಗೆ ಕೊಡಲಿ? ಈವರೆಗೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಾಗೇ ಇಡುತ್ತಿದ್ದೆ.

ಬಿಸಿಬಂಡೆ:
ಉಗುರುಬೆಚ್ಚಗೆ ಸಾಲದು. ಬಾಲ್ ಪೈಥಾನ್‌ಗೆ ಮೇಲ್ದುಟಿಯ ಉದ್ದಕ್ಕೂ ಸಣ್ಣ ಸಣ್ಣ ಗುಳಿಗಳಿವೆ ನೋಡಿ, ಅವು ಬಿಸಿಯನ್ನು ಗ್ರಹಿಸುತ್ತವೆ. ಕತ್ತಲಲ್ಲಿ ಬೇಟೆ ಎಲ್ಲಿದೆ ಅಂತ ಗೊತ್ತಾಗುವುದು ಅದರಿಂದ. ಜೀವಂತ ಇಲಿ ತಿಂದು ಬೆಳೆದ ಮರಿಯ ಮುಂದೆ ತಣ್ಣಗಿನ, ಒದ್ದೆ ಇಲಿ ಹಿಡಿದರೆ ಅದಕ್ಕೆ ಅದು ಊಟ ಅಂತಲೇ ಅನಿಸುವುದಿಲ್ಲ.

ಹಿಂದಿನ ರಾತ್ರಿ ಫ್ರೀಜರ್‌ನಿಂದ ಫ್ರಿಜ್‌ಗೆ ಇಳಿಸಿ. ಸಂಜೆ ಜಿಪ್ ಚೀಲದಲ್ಲಿ ಹಾಕಿ, ಒದ್ದೆಯಾಗದ ಹಾಗೆ, ಬಿಸಿನೀರಿನಲ್ಲಿ ಮುಳುಗಿಸಿ. ಮೈಕ್ರೋವೇವ್ ಬೇಡ, ಒಳಗೆ ಬೆಂದು ಹೊಟ್ಟೆ ಒಡೆಯುತ್ತದೆ, ಆ ವಾಸನೆ ನನ್ನ ಮನೆಯಲ್ಲಿ ವಾರ ಇತ್ತು. ಕೊನೆಗೆ ತಲೆಗೆ ಮಾತ್ರ ಹೇರ್ ಡ್ರೈಯರ್ ಹಿಡಿದು 38 ಡಿಗ್ರಿ ದಾಟಿಸಿ. ಲೈಟು ಆರಿಸಿ. ಉದ್ದ ಇಕ್ಕಳದಲ್ಲಿ ಬಾಲದ ಕಡೆ ಹಿಡಿದು ಗೂಡಿನ ಬಾಯಿಯ ಮುಂದೆ ಇಲಿ ನಡೆದ ಹಾಗೆ ಸ್ವಲ್ಪ ಆಡಿಸಿ. ಮುಖಕ್ಕೆ ಚುಚ್ಚಬೇಡಿ. ಇದು ಅಟ್ಟಿಸಿಕೊಂಡು ಹೋಗುವ ಹಾವಲ್ಲ, ಬಿಲದಲ್ಲಿ ಕಾದು ಕೂತು ಹಿಡಿಯುವುದು. ತೆಗೆದುಕೊಳ್ಳದಿದ್ದರೆ ಇಲಿಯನ್ನು ಅಲ್ಲೇ ಬಿಟ್ಟು ಬಾಗಿಲು ಹಾಕಿ ಹೋಗಿ, ಬೆಳಗ್ಗೆ ಉಳಿದಿದ್ದರೆ ಎಸೆಯಿರಿ. ಇಲಿಯ ತೂಕ 9ರಿಂದ 13 ಗ್ರಾಂ ಸಾಕು.

ಕಣ್ಣು ನೀಲಿಯಾಗಿ ಮಂಕಾಗಿದ್ದರೆ ಪೊರೆ ಬಿಡುವ ಹೊತ್ತು, ಆಗ ತಿನ್ನದಿದ್ದರೂ ತಲೆ ಕೆಡಿಸಿಕೊಳ್ಳಬೇಡಿ. ಆದರೆ 92 ಗ್ರಾಂನಿಂದ 83ರ ಹತ್ತಿರಕ್ಕೆ ಇಳಿದರೆ ಇಲ್ಲಿ ಕೇಳುತ್ತಾ ಕೂರಬೇಡಿ, ಸರೀಸೃಪ ನೋಡುವ ವೆಟ್ ಹತ್ತಿರ ಹೋಗಿ. ದೊಡ್ಡ ಹಾವು ತಿಂಗಳುಗಟ್ಟಲೆ ಉಪವಾಸ ತಡೆಯುತ್ತದೆ, ಮರಿಗೆ ಅಷ್ಟು ಕೊಬ್ಬು ಇರುವುದಿಲ್ಲ. ಮಗಳು ಮುಟ್ಟಿದಾಗೆಲ್ಲ ಸೋಪು ಹಾಕಿ ಕೈ ತೊಳೆಯಲಿ, ಹಾವಿನ ಮೈಮೇಲೆ ಸಾಲ್ಮೊನೆಲ್ಲಾ (ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ) ಇರಬಹುದು.

ಕೆಂಗೇರಿಕೇರೆ:
ನಡುವೆ ಒಂದು ಪ್ರಶ್ನೆ. ನಾನು ಬೆಂಗಳೂರು. ನಮ್ಮ ಸೈಟಿನಲ್ಲಿ ಕೇರೆ ಹಾವಿನ ಮರಿ ಸಿಕ್ಕಿದೆ. ಇದೇ ಥರ ಸಾಕಬಹುದಾ?

ಬಿಸಿಬಂಡೆ:
ಇಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ. ಸಿಕ್ಕಿದ ಜಾಗದಲ್ಲೇ ಬಿಡಿ, ನಿಮ್ಮ ಸೈಟಿನ ಇಲಿಗಳನ್ನು ಅದು ಪುಕ್ಕಟೆ ನೋಡಿಕೊಳ್ಳುತ್ತದೆ.

ತೆಂಗಿನಗರಿ:
ಅಪ್‌ಡೇಟ್. 9 ದಿನ ಕಾದೆ. ಆ 9 ದಿನ ಗೂಡು ಎತ್ತಿ ನೋಡದೆ ಇದ್ದದ್ದು ನನಗೇ ಕಷ್ಟ ಆಯಿತು, ಮಗಳಿಗಲ್ಲ. ನಿನ್ನೆ ರಾತ್ರಿ ನೀವು ಹೇಳಿದ ಹಾಗೇ ಮಾಡಿದೆ (ಹೆಂಡತಿಯ ಹೇರ್ ಡ್ರೈಯರ್, ಅವಳಿಗೆ ಹೇಳಿಲ್ಲ). ಗೂಡಿನಿಂದ ಬಾಣದ ಹಾಗೆ ಬಂದು ಹಿಡಿದು ಸುತ್ತಿಕೊಂಡಿತು. ಮಗಳು ಖುಷಿಗೆ ಚಪ್ಪಾಳೆ ತಟ್ಟಿದಳು, ತಕ್ಷಣ ಬಿಟ್ಟು ಒಳಗೆ ಹೋಯಿತು. ಇಲಿ ಅಲ್ಲೇ ಬಿಟ್ಟು ಮಲಗಿದೆವು. ಬೆಳಗ್ಗೆ ನೋಡಿದರೆ ಇಲಿ ಇಲ್ಲ, ಹೊಟ್ಟೆಯ ಮಧ್ಯೆ ಒಂದು ಗಂಟು! ಇನ್ನು ಎತ್ತಿಕೊಳ್ಳಬಹುದಾ?

ಬಿಸಿಬಂಡೆ:
48 ಗಂಟೆ ಮುಟ್ಟಬೇಡಿ, ಕಕ್ಕಿಬಿಡುತ್ತದೆ. ಒಮ್ಮೆ ಕಕ್ಕಿದರೆ ಮತ್ತೆ ಎರಡು ವಾರ ಏನೂ ಕೊಡುವಂತಿಲ್ಲ. ಮುಂದಿನ ಇಲಿ 7 ದಿನಕ್ಕೆ, ಇದೇ ಗಾತ್ರ. ಮಗಳ ಸ್ನೇಹಿತರು ಮೂರು ಊಟ ಆದ ಮೇಲೆ ಬರಲಿ.

ತೆಂಗಿನಗರಿ:
ಎರಡನೆಯದನ್ನೂ ನಿನ್ನೆ ತಿಂದಿತು, ಈ ಸಲ ಎರಡೇ ನಿಮಿಷ. ಮಗಳು ಕ್ಯಾಲೆಂಡರ್‌ನಲ್ಲಿ ಮೂರನೇ ಊಟದ ದಿನಕ್ಕೆ ಕೆಂಪು ಗುರುತು ಹಾಕಿದ್ದಾಳೆ. ಅಮ್ಮ ಮಾತ್ರ ಇನ್ನೂ ಕೇಳುತ್ತಿದ್ದಾರೆ, ಹಾಲು ಇಟ್ಟೆಯಾ ಅಂತ.