ಬಾವಿ ನೀರಿನ ಸ್ಯಾಂಪಲ್ ಕೊಡುವುದಾ, ಬೇಡವಾ?

ಬೈಕಂಪಾಡಿ_ಬಾವಿಕಟ್ಟೆ: ಮೊನ್ನೆ ನಮ್ಮ ಓಣಿಗೆ ಒಂದು ಕಾಲೇಜಿನ ತಂಡ ಬಂದಿತ್ತು. ಕೈಗಾರಿಕಾ ಪ್ರದೇಶದ ಹತ್ತಿರದ ಬಾವಿಗಳಲ್ಲಿ ರಾಸಾಯನಿಕ ಉಂಟಾ, ಅದು ಜನರ ಮೈಗೆ ಸೇರಿದೆಯಾ ಅಂತ ನೋಡುತ್ತಾರಂತೆ. ಬಾವಿ ನೀರು ಬೇಕು, ಅಮ್ಮನ ರಕ್ತವೂ ಬೇಕು. ಸಹಿ ಹಾಕುವ ಫಾರ್ಮ್ ಪೂರ್ತಿ ಇಂಗ್ಲಿಷ್. ನಾಲ್ಕು ವರ್ಷದ ಹಿಂದೆ ಬೇರೆ ಯಾರೋ ಬಂದು ನೀರು ತುಂಬಿಸಿಕೊಂಡು ಹೋದವರು ಇವತ್ತಿನವರೆಗೆ ಒಂದು ಚೀಟಿಯೂ ಕೊಟ್ಟಿಲ್ಲ. ನಲ್ಲಿಯಲ್ಲಿ ತುಂಬೆ ಅಣೆಕಟ್ಟಿನ ನೀರು ಬಂದರೂ ನಮಗೆ ಅಡುಗೆಗೆ ಬಾವಿಯದ್ದೇ ಆಗಬೇಕು. ಈಗೀಗ ನೀರಿನ ಮೇಲೆ ಎಣ್ಣೆಯ ಹಾಗೆ ಬಣ್ಣ ಬಣ್ಣದ ಪದರ ಕಾಣುತ್ತದೆ. ಅಮ್ಮ ಮಾತ್ರ ಈ ಸಲ ಯಾರಿಗೂ ಏನೂ ಕೊಡುವುದು ಬೇಡ ಅಂತಿದ್ದಾರೆ.

ಐದು_ಸೆಂಟ್ಸ್: ಕೊಡಬೇಡಿ ಮಾರಾಯ್ರೆ. ವರದಿಯಲ್ಲಿ ಊರಿನ ಹೆಸರು ಬಂದರೆ ಜಾಗ ಕೇಳುವವರೇ ಇರುವುದಿಲ್ಲ. ತಂಗಿಯ ಮದುವೆಗೆ ನನಗೆ ಐದು ಸೆಂಟ್ಸ್ ಮಾರಲಿಕ್ಕುಂಟು.

ಲ್ಯಾಬ್_ಅಕ್ಕ: ಮೊದಲು ಆ ಪದರವನ್ನು ಒಂದು ಕಡ್ಡಿಯಿಂದ ಕದಡಿ ನೋಡಿ. ಗಾಜಿನ ಚೂರಿನ ಹಾಗೆ ಒಡೆದು ಹಾಗೇ ನಿಂತರೆ ಅದು ಕಬ್ಬಿಣದ ಬ್ಯಾಕ್ಟೀರಿಯಾ, ನಮ್ಮ ಮುರಕಲ್ಲಿನ ನೆಲದಲ್ಲಿ ಅದು ಹೊಸತಲ್ಲ. ಕಡ್ಡಿ ತೆಗೆದ ಕೂಡಲೇ ಸುತ್ತಿಕೊಂಡು ಮತ್ತೆ ಕೂಡಿದರೆ ಎಣ್ಣೆ ಇರಬಹುದು, ಆಗ ಸುಮ್ನೆ ಕೂರಬೇಡಿ. ಇದು ಅಂದಾಜು ಮಾತ್ರ. ಖಾತ್ರಿ ಆಗುವುದು ಲ್ಯಾಬ್‌ನಲ್ಲೇ.

ಸುರತ್ಕಲ್_ಹುಡುಗ: ಇಷ್ಟೆಲ್ಲ ಯಾಕೆ? ಫಿಲ್ಟರ್‌ನವರು ಬಂದು ಮೀಟರ್ ಅದ್ದಿದರು. ನಮ್ಮ ಬಾವಿಯಲ್ಲಿ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ್ದು, ಲೀಟರಿಗೆ 60 ಮಿಲಿಗ್ರಾಂ ಬಂತು. 500ರ ಒಳಗಿದ್ದರೆ ಸಾಕಲ್ವಾ?

ಲ್ಯಾಬ್_ಅಕ್ಕ: ಸಾಕಾಗುವುದಿಲ್ಲ ತಮ್ಮ. ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅಂತ ನೋಡಿ ಕರಗಿದ ಲವಣವನ್ನು ಅಂದಾಜು ಮಾಡುವುದಷ್ಟೇ ಆ ಮೀಟರಿನ ಕೆಲಸ. ಒಂದು ಲೀಟರಿನಲ್ಲಿ ಸೀಸ 0.01 ಮಿಲಿಗ್ರಾಂ ದಾಟಬಾರದು ಅಂತ ನಮ್ಮ ದೇಶದ ಮಾನದಂಡ ಹೇಳುತ್ತದೆ, ಆರ್ಸೆನಿಕ್‌ಗೂ ಅಷ್ಟೇ. ಅಷ್ಟು ಸಣ್ಣದು 60ರ ಒಳಗೆ ಎಲ್ಲಿ ಕಾಣುತ್ತದೆ? ಪೆಟ್ರೋಲಿನಂಥದ್ದು ಸೇರಿದರೂ ಮೀಟರಿಗೆ ಗೊತ್ತಾಗುವುದಿಲ್ಲ. ಕುದಿಸಿದರೆ ಸೀಸ, ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದರಲ್ಲಿ ಅವುಗಳ ಅಂಶ ಇನ್ನೂ ಜಾಸ್ತಿ ಆಗುತ್ತದೆ.

ಉಡುಪಿ_ಮೇಷ್ಟ್ರು: ಕೊಡಬೇಡಿ ಅಂದ ಐದು ಸೆಂಟ್ಸಿನವರೇ, ನಿಮ್ಮ ಜಾಗದ ಚಿಂತೆ ನನಗೂ ಅರ್ಥ ಆಗುತ್ತದೆ. ಆದರೆ ಅಮೆರಿಕದ ವೆಸ್ಟ್ ವರ್ಜೀನಿಯಾ, ಒಹಾಯೊ ಕಡೆ ನಡೆದದ್ದು ಕೇಳಿ. ಟೆಫ್ಲಾನ್ ಕಾರ್ಖಾನೆಯ ಸಿ8 ಅನ್ನುವ ರಾಸಾಯನಿಕ ಕುಡಿಯುವ ನೀರಿಗೆ ಸೇರಿತ್ತು. ಜನ ಕೋರ್ಟಿಗೆ ಹೋದರು, ರಾಜಿಯಲ್ಲಿ ಬಂದ ಹಣದಲ್ಲಿ 2005–06ರಲ್ಲಿ ಸುಮಾರು 69,000 ಜನ ರಕ್ತ ಕೊಟ್ಟರು, ಕಾಯಿಲೆಗಳ ವಿವರ ಕೊಟ್ಟರು. ಎರಡೂ ಕಡೆಯವರು ಒಪ್ಪಿದ ಮೂವರು ತಜ್ಞರು ವರ್ಷಗಟ್ಟಲೆ ಕೂತು ನೋಡಿ, 2012ರ ಹೊತ್ತಿಗೆ ಕಿಡ್ನಿ ಕ್ಯಾನ್ಸರ್, ಥೈರಾಯ್ಡ್ ಸೇರಿ ಆರು ಕಾಯಿಲೆಗಳಿಗೆ ಸಂಬಂಧ ಇರುವ ಸಾಧ್ಯತೆ ಜಾಸ್ತಿ ಅಂದರು. ಅಷ್ಟು ಜನ ಕೈ ಚಾಚದಿದ್ದರೆ ಇದು ಹೊರಗೆ ಬರುತ್ತಿತ್ತಾ?

ಐದು_ಸೆಂಟ್ಸ್: ಅಲ್ಲಿ ಕೋರ್ಟ್ ಇತ್ತು, ಹಣ ಇತ್ತು ಮೇಷ್ಟ್ರೇ. ಇಲ್ಲಿ ಹುಡುಗರು ಡಿಗ್ರಿ ತೆಗೆದುಕೊಂಡು ಹೋಗುತ್ತಾರೆ, ನಾವು ಅದೇ ನೀರು ಕುಡಿಯುತ್ತೇವೆ.

ಕೊಕ್ಕಡ_ಕಡೆಯವಳು: ನಮ್ಮಲ್ಲಿ ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಆ ಕೀಟನಾಶಕವನ್ನು ಸುಪ್ರೀಂ ಕೋರ್ಟ್ ದೇಶದಲ್ಲೇ ತಡೆದದ್ದು 2011ರಲ್ಲಿ. ಅಷ್ಟು ವರ್ಷ ಮಕ್ಕಳನ್ನು ಎತ್ತಿಕೊಂಡು ಆಫೀಸಿನಿಂದ ಆಫೀಸಿಗೆ ಅಲೆದ ಅಮ್ಮಂದಿರನ್ನು ನಾನು ನೋಡಿದ್ದೇನೆ. ಹೋದಲ್ಲೆಲ್ಲ ಕೇಳುತ್ತಿದ್ದದ್ದು ಒಂದೇ, ಇದರಿಂದಲೇ ಆಯಿತು ಅನ್ನುವುದಕ್ಕೆ ದಾಖಲೆ ಎಲ್ಲಿ? ದಯವಿಟ್ಟು ಕೊಡಿ. ಆದರೆ ಕೇಳಿ ಕೊಡಿ.

ಲ್ಯಾಬ್_ಅಕ್ಕ: ಹೌದು, ಕೇಳುವ ಹಕ್ಕು ನಿಮಗುಂಟು. ವೈದ್ಯಕೀಯ ಸಂಶೋಧನೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲೇ ಇದೆ, ಒಪ್ಪಿಗೆ ಪತ್ರ ನಿಮಗೆ ಅರ್ಥ ಆಗುವ ಭಾಷೆಯಲ್ಲಿ ಇರಬೇಕು, ನೈತಿಕ ಸಮಿತಿಯ ಅನುಮತಿ ಇರಬೇಕು. ಮನೆಯ ವರದಿ ಮನೆಗೆ ಯಾವಾಗ ಬರುತ್ತದೆ ಅಂತ ಬರೆಸಿಕೊಳ್ಳಿ. ಬಾವಿಗಳಿಗೆ ಹೆಸರಿನ ಬದಲು ನಂಬರ್ ಕೊಡಿ ಅನ್ನಿ, ಜಾಗದವರ ಭಯಕ್ಕೂ ಅದು ಸ್ವಲ್ಪ ಸಮಾಧಾನ. ನೀರನ್ನು ಬೇಸಿಗೆಯಲ್ಲಿ ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ ತೆಗೆಯಬೇಕು. ಜುಲೈಯಲ್ಲಿ ಬಾವಿ ಕಟ್ಟೆವರೆಗೆ ತುಂಬಿದಾಗ ಒಂದೇ ಸಲ ತೆಗೆದರೆ ಮಳೆನೀರು ಸೇರಿ ರಾಸಾಯನಿಕ ತೆಳುವಾಗಿ ಕಡಿಮೆ ಕಾಣಬಹುದು.

ಬೈಕಂಪಾಡಿ_ಬಾವಿಕಟ್ಟೆ: ಕಡ್ಡಿ ಹಾಕಿ ನೋಡಿದೆ ಅಕ್ಕ, ಪದರ ಚೂರುಚೂರಾಗಿ ನಿಂತಿತು. ಸ್ವಲ್ಪ ಉಸಿರು ಬಂತು. ತಂಡದವರಿಗೆ ಫೋನ್ ಮಾಡಿದೆ, ಕನ್ನಡದ ಫಾರ್ಮ್ ತರುತ್ತೇವೆ ಅಂದಿದ್ದಾರೆ. ವರದಿಯ ಮಾತು ಬರೆದು ಕೊಡಲು ಮೇಲಿನವರನ್ನು ಕೇಳಬೇಕಂತೆ. ನೀರು ಕೊಡಲಿಕ್ಕೆ ಅಮ್ಮ ಒಪ್ಪಿದ್ದಾರೆ. ರಕ್ತದ ವಿಷಯ ಫಾರ್ಮ್ ಪೂರ್ತಿ ಓದಿಸಿ ಕೇಳಿದ ಮೇಲೆ ಅಂತೆ.